ಥೆರಪಿ ನಮ್ಮ ಮನೆಗೂ ಬರಲಿ

ಕೇಳುಗರಿಗೆಲ್ಲ ನಮಸ್ಕಾರ.

ಕರಾವಳಿಯಲ್ಲಿ ಆಸ್ಪತ್ರೆಗೇನು ಕೊರತೆ ಅಂತ ಎಲ್ಲರೂ ಕೇಳುತ್ತಾರೆ. ಮಂಗಳೂರಿನಲ್ಲಿ ವೆನ್‌ಲಾಕ್ ಇದೆ, ಉಡುಪಿಯಲ್ಲಿ ಅಜ್ಜರಕಾಡು ಇದೆ, ಪಕ್ಕದಲ್ಲೇ ಮಣಿಪಾಲ. ನಿಜ. ಆದರೆ ಹೆಬ್ರಿಯ ಆಚೆ, ಘಟ್ಟದ ಬುಡದ ಮನೆಯಿಂದ ಕೈಕಾಲು ಬಿಗಿಯಾದ ಮಗುವನ್ನು ಸೊಂಟಕ್ಕೇರಿಸಿ ಹೊರಡುವ ತಾಯಿಗೆ ಉಡುಪಿ ಬಹಳ ದೂರ. ತೋಡಿನ ಸಂಕ ದಾಟಬೇಕು. ಬಸ್ಸಿನ ಮೆಟ್ಟಿಲು ಎತ್ತರ. ಮಗುವನ್ನು ಹತ್ತಿಸುವಷ್ಟರಲ್ಲಿ ಕಂಡಕ್ಟರ್ ‘ರೈಟ್ ಪೋಯಿ’ ಅಂದಾಗಿರುತ್ತದೆ.

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ, ಅಂದರೆ ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದ ಸ್ಥಿತಿ. ಥೆರಪಿ ಕೋಣೆ ಮುಟ್ಟುವಷ್ಟರಲ್ಲಿ ಸುಸ್ತಾಗಿ ಅಳುತ್ತಿದ್ದಳು. ಅತ್ತರೆ ಸ್ನಾಯು ಇನ್ನೂ ಬಿಗಿಯುತ್ತದೆ. ಆಮೇಲೆ ಅರ್ಧ ಗಂಟೆ ವ್ಯಾಯಾಮ ಮಾಡಿಸಿ ಏನು ಸಿಗುತ್ತದೆ, ಹೇಳಿ?

ಅದಕ್ಕೇ ಹೇಳುತ್ತೇನೆ, ಇಂಥ ಮಕ್ಕಳಿಗೆ ಥೆರಪಿ ನಡೆಯಬೇಕಾದದ್ದು ದಿನಾ, ಮನೆಯಲ್ಲೇ. ಥೆರಪಿಸ್ಟ್ ಹತ್ತಿರ ‘ನನ್ನ ಕೈಯಲ್ಲೇ ಮಾಡಿಸಿ, ಸರಿಯಾ ಅಂತ ನೋಡಿ’ ಎಂದು ಕೇಳಿ. ಸಂಕೋಚ ಬೇಡ.

ನಮಗೆ ಹಾಗೆ ಕಲಿಸಿದ್ದು ಗಂಜಿ ಕೊಡುವುದನ್ನು. ಮಡಿಲಲ್ಲಿ ಮಲಗಿಸಿ ಬಾಯಿಗೆ ಹಾಕುವುದು ನಮ್ಮಲ್ಲಿ ರೂಢಿ, ಅಲ್ವಾ? ತಲೆ ಹಿಂದಕ್ಕೆ ಬಾಗಿದರೆ ಗಂಜಿ ಶ್ವಾಸನಾಳಕ್ಕೆ ಇಳಿಯಬಹುದು. ಪದೇ ಪದೇ ಕೆಮ್ಮು, ನ್ಯುಮೋನಿಯಾ ಬರುವುದು ಎಷ್ಟೋ ಸಲ ಹೀಗೆ. ಈಗ ಅವಳನ್ನು ಗೋಡೆಯ ಮೂಲೆಗೆ ಒರಗಿಸಿ, ಎರಡೂ ಬದಿಗೆ ದಿಂಬು ಕೊಟ್ಟು ಕೂರಿಸುತ್ತೇವೆ. ಗದ್ದ ಸ್ವಲ್ಪ ಕೆಳಗೆ. ಚಮಚ ಎದುರಿನಿಂದ. ಕುಚ್ಚಲಕ್ಕಿ ಗಂಜಿಯನ್ನು ಗಟ್ಟಿಯಾಗಿ ಅರೆದರೆ ತಿಳಿಗಿಂತ ಸುಲಭವಾಗಿ ನುಂಗುತ್ತಾಳೆ. ಒಂದು ಚಮಚ ಗಂಟಲಿಳಿದ ಮೇಲೇ ಇನ್ನೊಂದು. ಇದಕ್ಕೆ ಯಂತ್ರ ಬೇಡ, ಹೇಳಿಕೊಡುವವರು ಬೇಕು. ಮಗುವಿಂದ ಮಗುವಿಗೆ ಕ್ರಮ ಬೇರೆ, ಹಾಗಾಗಿ ತಿಳಿದವರನ್ನು ಕೇಳಿಯೇ ಮಾಡಿ.

‘ಇದರ ಅಪ್ಪನೂ ತಡವಾಗಿ ನಡೆದದ್ದು’ ಅಂತ ಅಜ್ಜಿಯಂದಿರು ಸಮಾಧಾನ ಹೇಳುತ್ತಾರೆ. ಪ್ರೀತಿಯ ಮಾತೇ. ಆದರೆ ಆರು ತಿಂಗಳಾದರೂ ಕುತ್ತಿಗೆ ನಿಲ್ಲದಿದ್ದರೆ, ಮುಷ್ಟಿ ಬಿಚ್ಚದಿದ್ದರೆ ಸುಮ್ನೆ ಕಾಯಬೇಡಿ. ಆಶಾ ಕಾರ್ಯಕರ್ತೆಗೆ ಹೇಳಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಹುಟ್ಟಿದಲ್ಲಿಂದ 18 ವರ್ಷದವರೆಗಿನ ಮಕ್ಕಳಿಗೆ ಅದು. ಅದರ ವೈದ್ಯರು ಅಂಗನವಾಡಿಗೇ ಬಂದು ಮಕ್ಕಳನ್ನು ನೋಡುತ್ತಾರೆ, ಬೇಕಿದ್ದರೆ ಜಿಲ್ಲಾ ಆಸ್ಪತ್ರೆಗೆ ಕಳಿಸುತ್ತಾರೆ.

ಇನ್ನು ಕಾಗದಪತ್ರ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ ಪ್ರಕಾರ ಶೇಕಡಾ 40ಕ್ಕಿಂತ ಕಡಿಮೆಯಿಲ್ಲದ ಅಂಗವೈಕಲ್ಯ ಇರುವ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಶಿಕ್ಷಣ ಉಚಿತ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯ ಮತ್ತು ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ ‘ನಿರಾಮಯ’ ವಿಮೆ ಇದೆ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ, ಥೆರಪಿಯ ಖರ್ಚೂ ಅದರಲ್ಲಿ ಸೇರಿದೆ. ಅರ್ಜಿ ತುಂಬಲು ಪಂಚಾಯತಿನ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಸಹಾಯ ಮಾಡುವುದು ಅವರ ಕೆಲಸವೇ.

ಇಷ್ಟಾದರೂ ಒಂದು ಉಳಿಯುತ್ತದೆ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ವಾರಕ್ಕೊಮ್ಮೆಯಾದರೂ ಫಿಸಿಯೋಥೆರಪಿಸ್ಟ್ ಬರಬೇಕು. ಇದನ್ನು ಒಬ್ಬಳೇ ತಾಯಿ ಕೇಳಿದರೆ ಯಾರೂ ಕಿವಿಗೊಡುವುದಿಲ್ಲ. ಅಕ್ಕಪಕ್ಕದ ಊರಿನ ತಾಯಂದಿರು ಜೊತೆಯಾಗಿ ಹೋಗಿ. ಮುಂದಿನ ಗ್ರಾಮಸಭೆಯಲ್ಲಿ ಮಾತೆತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಮನೆಗೆ ಬನ್ನಿ.