ಕರ್ನಲ್‌ನ ಕೋವಿಗೆ ಮತ್ತೆ ಚಕಮಕಿ ಕಟ್ಟಬೇಡಿ

ಕೇಳುಗರೇ, ಹಳೆಯ ಇಂಗ್ಲಿಷ್ ಬೇಟೆಕೋವಿಗಳ ಮಾರುಕಟ್ಟೆಯಲ್ಲಿ ಎರಡು ಸಂಗತಿಗಳು ಬೆಲೆಯನ್ನು ಏರಿಸುತ್ತವೆ. ಮೊದಲ ಒಡೆಯ ಸೇನಾಧಿಕಾರಿಯಾಗಿದ್ದ ಎಂಬ ಕಾಗದ ಒಂದು. ಅಂಗಡಿಯಿಂದ ಹೊರಬಿದ್ದ ದಿನ ಹೇಗಿತ್ತೋ ಹಾಗೆಯೇ ಇದೆ ಎಂಬ ಭರವಸೆ ಇನ್ನೊಂದು. ಮೊದಲನೆಯದನ್ನು ಅರ್ಧ ಒಪ್ಪುತ್ತೇನೆ. ಎರಡನೆಯದರ ಬಗ್ಗೆ ನನಗೆ ಜಗಳವೇ ಇದೆ. ನನ್ನ ಕಡೆಯ ಸಾಕ್ಷಿ ಇಂಗ್ಲೆಂಡಿನ ಶಿಕಾರಿ ಕರ್ನಲ್ ಪೀಟರ್ ಹಾಕರ್ ಮತ್ತು ಆತ 'ಓಲ್ಡ್ ಜೋ' ಎಂದು ಕರೆಯುತ್ತಿದ್ದ ಜೋಡುನಳಿಗೆಯ ಕೋವಿ.

1786ರಲ್ಲಿ ಹುಟ್ಟಿದ ಹಾಕರ್ 14ನೇ ಲೈಟ್ ಡ್ರಗೂನ್ಸ್ ಎಂಬ ಅಶ್ವದಳದಲ್ಲಿ ಕ್ಯಾಪ್ಟನ್ ಆಗಿದ್ದ. 1809ರಲ್ಲಿ ಸ್ಪೇನಿನ ತಲವೇರಾ ಕದನದಲ್ಲಿ ತೀವ್ರವಾಗಿ ಗಾಯಗೊಂಡ. ಆ ಗಾಯದ ಕಾರಣದಿಂದಲೇ 1813ರಲ್ಲಿ ದಳ ಬಿಟ್ಟ. ಕರ್ನಲ್ ಪದವಿ ಬಂದದ್ದು ಆಮೇಲೆ, ನಾರ್ತ್ ಹ್ಯಾಂಪ್‌ಷೈರ್ ಮಿಲಿಷಿಯಾ ಎಂಬ ಸ್ಥಳೀಯ ಮೀಸಲು ಪಡೆಯಲ್ಲಿ. ಹೀಗಾಗಿ ಕರ್ನಲ್‌ನ ಕೋವಿ ಎಂದ ಕೂಡಲೇ ರಣರಂಗದ ಹೊಗೆಯನ್ನು ಊಹಿಸಿಕೊಳ್ಳುವವರಿಗೆ ನಿರಾಶೆ ಖಚಿತ. ಓಲ್ಡ್ ಜೋ ಎದುರಿಸಿದ ಶತ್ರುಗಳೆಂದರೆ ಆತನ ಊರಾದ ಲಾಂಗ್‌ಪ್ಯಾರಿಷ್‌ನ ಗೌಜಲಹಕ್ಕಿಗಳಂಥವು. 1802ರಿಂದ 1853ರವರೆಗೆ ಹಾಕರ್ ದಿನಚರಿಯಲ್ಲಿ ಲೆಕ್ಕ ಬರೆದಿಟ್ಟ ಬೇಟೆ 17,753. ಆ ಸಂಖ್ಯೆಯನ್ನು ಮೆಚ್ಚಿ ತಲೆದೂಗಲು ನನ್ನಿಂದ ಆಗದು. ಆದರೆ ಕೋವಿಯ ಗುಣದೋಷಗಳನ್ನು ಇಷ್ಟು ದೀರ್ಘಕಾಲ ಬಳಸಿ, ಬೈದು, ಬರೆದಿಟ್ಟವರು ವಿರಳ.

ಈ ಕೋವಿಯನ್ನು ಮಾಡಿದವನು ಲಂಡನ್ನಿನ ಜೋಸೆಫ್ ಮ್ಯಾಂಟನ್. ಹಾರುವ ಹಕ್ಕಿಗೆ ಹೊಡೆದ ಚರೆ ಅದರ ಕೆಳಗೆ ಹೋಗುವುದು ಆ ಕಾಲದ ಶಿಕಾರಿಗಳ ನಿತ್ಯದ ಗೋಳು. ಎರಡು ನಳಿಗೆಗಳ ನಡುವಿನ ಪಟ್ಟಿಯನ್ನು ಹಿಂಬದಿಯಲ್ಲಿ ಎತ್ತರಿಸಿ, ಅದೇ ಗುರಿಗೆ ಈಡು ತುಸು ಮೇಲಕ್ಕೆ ಹೋಗುವಂತೆ ಮಾಡಿ, 1806ರಲ್ಲಿ ಅದಕ್ಕೆ ಪೇಟೆಂಟ್ ಪಡೆದವನು ಇವನೇ. ಇವನ ಬಳಿ ಕೆಲಸ ಮಾಡಿದ ಜೇಮ್ಸ್ ಪರ್ಡಿ ಮುಂದೆ ತನ್ನದೇ ಹೆಸರಿನ ಪ್ರಸಿದ್ಧ ಮಳಿಗೆ ಕಟ್ಟಿದ. ಮ್ಯಾಂಟನ್ ಮಾತ್ರ 1826ರಲ್ಲಿ ದಿವಾಳಿಯಾದ, 1835ರಲ್ಲಿ ತೀರಿಕೊಂಡ. ಅವನ ಸಮಾಧಿಯ ಬರಹವನ್ನು ಬರೆದುಕೊಟ್ಟವನು ಹಾಕರ್.

ಓಲ್ಡ್ ಜೋ ಹುಟ್ಟಿದ್ದು ಚಕಮಕಿ ಕೋವಿಯಾಗಿ, ಅಂದರೆ ಕಲ್ಲಿನ ಕಿಡಿಯಿಂದ ಮದ್ದು ಹೊತ್ತಿಸುವ ಕೋವಿಯಾಗಿ. ಚಕಮಕಿಯೇ ಬಲವಾಗಿ ಹೊಡೆಯುತ್ತದೆ ಎಂಬುದು ಹಾಕರ್‌ನ ವಾದ. ಆದರೆ ಮಳೆಯಲ್ಲಿ ಅದು ಕೈಕೊಡುತ್ತದೆ, ಕುದುರೆ (ಕೋವಿಯ ಬಡಿಯುವ ಸುತ್ತಿಗೆ) ಬಿದ್ದ ಮೇಲೆ ಈಡು ಹೊರಡಲು ಒಂದು ಕ್ಷಣ ತಡವಾಗುತ್ತದೆ. ಬಡಿದರೆ ಸಿಡಿಯುವ ಮದ್ದಿನ ಪುಟ್ಟ ಲೋಹದ ಟೊಪ್ಪಿಯಾದ ಕೇಪು ಬಂದಾಗ ಆತ ಗೊಣಗುತ್ತಲೇ ತನ್ನ ಅಚ್ಚುಮೆಚ್ಚಿನ ಕೋವಿಯನ್ನು ಕೇಪಿನ ಕೋವಿಯಾಗಿ ಮಾರ್ಪಡಿಸಿಕೊಂಡ. ದೋಣಿಯಿಂದ ಬಾತುಗಳನ್ನು ಹೊಡೆಯುವ ತನ್ನ ದೈತ್ಯ ಜೋಡುಕೋವಿಯಲ್ಲಂತೂ ಒಂದು ಕಡೆ ಚಕಮಕಿ, ಇನ್ನೊಂದು ಕಡೆ ಕೇಪು! ಎರಡೂ ಒಟ್ಟಿಗೆ ಸಿಡಿಯದೆ ಕೊಂಚ ಹಿಂದುಮುಂದಾದರೆ ಹಿಂದೊದೆತ ಹಗುರವಾಗುತ್ತದೆ ಎಂಬ ಲೆಕ್ಕಾಚಾರ. ಪಿಯಾನೋ ಕಲಿಯುವವರ ಕೈಗೂ ಸಾಧನವೊಂದನ್ನು ರೂಪಿಸಿದ ಮನುಷ್ಯ ಅವನು. ಕೈಗೆ ಸಿಕ್ಕಿದ್ದನ್ನು ತಿದ್ದದೆ ಬಿಡುವ ಜಾಯಮಾನವಲ್ಲ.

ಇಂದಿನ ಸಂಗ್ರಾಹಕರ ಕಣ್ಣಿನಲ್ಲಿ ಇಂಥ ಮಾರ್ಪಾಡು ಒಂದು ಕಳಂಕ. ಕೇಪಿಗೆ ಬದಲಾದ ಕೋವಿಗಿಂತ ಚಕಮಕಿಯಾಗಿಯೇ ಉಳಿದ ಕೋವಿಗೆ ಬೆಲೆ ಹೆಚ್ಚು. ಅದಕ್ಕೆಂದೇ ಕೆಲವರು ಹೊಸ ಕುದುರೆ, ಕಿಡಿ ಬೀಳುವ ಮದ್ದಿನ ಹೊಸ ಬಟ್ಟಲು ಕೂರಿಸಿ ಕೇಪಿನ ಕೋವಿಯನ್ನು ಮತ್ತೆ ಚಕಮಕಿಯಾಗಿಸುತ್ತಾರೆ. ಇದನ್ನು ದುರಸ್ತಿ ಎನ್ನಲು ನಾನು ತಯಾರಿಲ್ಲ. ಮೊದಲ ಒಡೆಯನ ಹೆಸರಿಗೆ ದುಡ್ಡು ಕೇಳುತ್ತೀರಿ, ಅವನು ಮಾಡಿಸಿದ ಕೆಲಸವನ್ನು ಉಜ್ಜಿ ಅಳಿಸುತ್ತೀರಿ. ಇದು ಯಾವ ಸೀಮೆಯ ನ್ಯಾಯ? ಮಾರ್ಪಡಿಸಿದ ಕೋವಿಯನ್ನು ಹಾಗೆಂದೇ ಹೇಳಿ ಮಾರಲಿ. ಕೊಳ್ಳುವವರೂ ಒಡೆಯನ ಕಾಗದ ಓದುವ ಮೊದಲು ಕುದುರೆ ಕೂತ ತಗಡನ್ನು ನೋಡಲಿ. ಮುಚ್ಚಿದ ತಿರುಪಿನ ತೂತು, ಬಣ್ಣ ಹೊಂದದ ಲೋಹ ಕಂಡರೆ, ಈ ಕೆಲಸ ಯಾವಾಗ ನಡೆಯಿತು, ಯಾರು ಮಾಡಿಸಿದರು ಎಂದು ಮಾರುವವರನ್ನೇ ಕೇಳಲಿ.