ಆ ಎಂಜಿನ್ ಸ್ವಲ್ಪ ಆಫ್ ಮಾಡಿ

ಬಾಹ್ಯಾಕಾಶದ ಸಿನಿಮಾ ಅಂದಮೇಲೆ ಒಂದು ಸೀನ್ ಇದ್ದೇ ಇರುತ್ತದೆ. ಊರಿನಷ್ಟು ದೊಡ್ಡ ನೌಕೆ ನಿಧಾನಕ್ಕೆ ಸಾಗುತ್ತಿದೆ. ಹಿಂದಿನ ಕೊಳವೆಗಳಲ್ಲಿ ನೀಲಿ ಬೆಂಕಿ. ದಿನಗಟ್ಟಲೆ ಉರಿದರೂ ವೇಗ ಮಾತ್ರ ಇದ್ದಷ್ಟೇ! ನನಗೆ ಘಾಟಿ ಹತ್ತುವ ಬಸ್ಸು ನೆನಪಾಗುತ್ತದೆ.

ಬಸ್ಸಿಗೆ ಅದು ಸರಿ. ಗಾಳಿ ತಡೆಯುತ್ತದೆ, ರಸ್ತೆ ಹಿಡಿಯುತ್ತದೆ. ಆದರೆ ಬಾಹ್ಯಾಕಾಶದಲ್ಲಿ ತಡೆಯುವವರು ಯಾರು? ಎಂಜಿನ್ ಆರಿಸಿದರೂ ನೌಕೆ ಹೋಗುತ್ತಲೇ ಇರುತ್ತದೆ. ಉರಿಯುತ್ತಿದೆ ಅಂದರೆ ವೇಗ ಏರುತ್ತಿರಬೇಕು, ಇಳಿಯುತ್ತಿರಬೇಕು, ಇಲ್ಲವೇ ದಿಕ್ಕು ಬದಲಾಗುತ್ತಿರಬೇಕು. ಅಂದಕ್ಕೆ ಸುಮ್ನೆ ಉರಿಸೋಕೆ ಅದೇನು ದೀಪಾವಳಿಯೇ?

ವಿಜ್ಞಾನ ತಪ್ಪಾಯಿತು ಅನ್ನುವುದಷ್ಟೇ ನನ್ನ ತಕರಾರಲ್ಲ. ಒಳ್ಳೆಯ ಕಥೆ ಕೈತಪ್ಪುತ್ತದೆ ಅನ್ನುವುದೇ ಜಾಸ್ತಿ ಬೇಜಾರು.

ನಮ್ಮ ಮಂಗಳಯಾನವನ್ನೇ ನೋಡಿ. ಅದರ ಮುಖ್ಯ ಎಂಜಿನ್ನಿನ ಬಲ 440 ನ್ಯೂಟನ್. ಭೂಮಿಯ ಮೇಲೆ ಒಂದು ಸಿಮೆಂಟ್ ಚೀಲ ಎತ್ತುವುದಕ್ಕೂ ಸಾಲದು. 2013ರ ಡಿಸೆಂಬರ್ 1ರಂದು ಭೂಮಿಯ ಸುತ್ತಲಿನ ಕಕ್ಷೆ ಬಿಟ್ಟು ಹೊರಟ ಮೇಲೆ ಆ ಎಂಜಿನ್ ಸುಮಾರು 300 ದಿನ ಮಲಗಿಯೇ ಇತ್ತು. ಅಷ್ಟು ದಿನ ಮಲಗಿದ್ದು ಮತ್ತೆ ಏಳುತ್ತದೆಯೇ? 2014ರ ಸೆಪ್ಟೆಂಬರ್ 22ರಂದು ಸುಮಾರು ನಾಲ್ಕೇ ಸೆಕೆಂಡು ಉರಿಸಿ ನೋಡಿದರು. ಎದ್ದಿತು. ಸೆಪ್ಟೆಂಬರ್ 24ರ ಬೆಳಗ್ಗೆ ಬ್ರೇಕ್ ಹಾಕಲೆಂದು ಅದನ್ನು ಸುಮಾರು 23 ನಿಮಿಷ ಉರಿಸಿದರು. ಅದರಲ್ಲಿ ಹೆಚ್ಚು ಹೊತ್ತು ನೌಕೆ ಮಂಗಳದ ಹಿಂದೆ ಮರೆಯಾಗಿತ್ತು, ಸಿಗ್ನಲ್ಲೇ ಇಲ್ಲ. ಬೆಂಗಳೂರಿನಲ್ಲಿ ಕೂತವರಿಗೆ ಕಾಯುವುದೊಂದೇ ಕೆಲಸ. ಇದಕ್ಕಿಂತ ಸಸ್ಪೆನ್ಸ್ ಬೇಕಾ?

ಇದನ್ನು ಚೆನ್ನಾಗಿ ಹಿಡಿದ ಟಿವಿ ಸರಣಿಯೂ ಇದೆ: ‘ದಿ ಎಕ್ಸ್‌ಪ್ಯಾನ್ಸ್’. ಅಲ್ಲಿನ ನೌಕೆಗಳು ಅರ್ಧ ದಾರಿ ವೇಗ ಹೆಚ್ಚಿಸಿಕೊಳ್ಳುತ್ತವೆ. ಆಮೇಲೆ ತಿರುಗಿ ನಿಂತು, ಬೆಂಕಿ ಮುಂದೆ ಮಾಡಿ, ಉಳಿದರ್ಧ ಬ್ರೇಕ್ ಹಾಕುತ್ತವೆ. ಎಂಜಿನ್ ನೂಕುವುದರಿಂದಲೇ ಒಳಗಿನವರಿಗೆ ತೂಕ ಸಿಗುತ್ತದೆ. ಹಾಗಾಗಿ ಎಂಜಿನ್ ಇರುವ ಕಡೆಯೇ ನೆಲ. ನೌಕೆ ಅಂದರೆ ವಿಮಾನವಲ್ಲ, ಅಪಾರ್ಟ್‌ಮೆಂಟು. ಭೂಮಿಯಲ್ಲಿರುವಷ್ಟೇ ತೂಕ ಅನ್ನಿಸುವ ಹಾಗೆ ಹೀಗೆ ಓಡಿಸಿದರೆ, ಮಂಗಳ ತೀರ ಹತ್ತಿರ ಬಂದಾಗಿನ ಐದೂವರೆ ಕೋಟಿ ಕಿಲೋಮೀಟರ್ ದೂರಕ್ಕೆ ಎರಡು ದಿನವೂ ಬೇಡ. ಅಷ್ಟು ಬಲವಾಗಿ ಅಷ್ಟೊಂದು ಹೊತ್ತು ನೂಕುವ ಎಂಜಿನ್ ಇವತ್ತಿಗೆ ಇಲ್ಲ, ಒಪ್ಪುತ್ತೇನೆ. ಒಂದು ಸುಳ್ಳು ಹೇಳಿದರು, ಆದರೆ ಉಳಿದ ಲೆಕ್ಕವನ್ನೆಲ್ಲ ಸರಿಯಾಗಿ ಇಟ್ಟರು.

ಬೆಳಕಿಗಿಂತ ಬೇಗ ಹೋಗಲು ಕಥೆಗಳಲ್ಲಿ ಬರುವ ವಾರ್ಪ್ ಡ್ರೈವ್ ಬಗ್ಗೆ ನನಗೆ ಜಗಳವಿಲ್ಲ. ಅದು ನೌಕೆಯ ಮುಂದಿನ ಜಾಗವನ್ನೇ ಕುಗ್ಗಿಸಿ, ಹಿಂದಿನದನ್ನು ಹಿಗ್ಗಿಸುವ ಮಾತು. 1994ರಲ್ಲಿ ಭೌತವಿಜ್ಞಾನಿ ಮಿಗೆಲ್ ಅಲ್ಕುಬಿಯೆರೆ ಅದಕ್ಕೊಂದು ಗಣಿತವನ್ನೂ ಬರೆದರು. ಆದರೆ ಅದಕ್ಕೆ ಋಣಾತ್ಮಕ ಶಕ್ತಿ, ಅಂದರೆ ಸೊನ್ನೆಗಿಂತಲೂ ಕಡಿಮೆ ಇರುವ ಶಕ್ತಿ ಬೇಕು, ಅದೇನು ಅಂಗಡಿಯಲ್ಲಿ ಸಿಗುವುದಿಲ್ಲ.

ಇನ್ನೊಂದು ವಿಷಯ, ಬಿಸಿ. ದಿನಗಟ್ಟಲೆ ಉರಿಯುವ ಎಂಜಿನ್ ಕಾದರೆ ತಣ್ಣಗಾಗಿಸಲು ಅಲ್ಲಿ ಗಾಳಿಯೂ ಇಲ್ಲ, ನೀರೂ ಇಲ್ಲ. ಅಗಲವಾದ ರೇಡಿಯೇಟರ್ ರೆಕ್ಕೆಗಳಿಂದ ಬಿಸಿಯನ್ನು ಹೊರಗೆ ಚೆಲ್ಲಬೇಕು. 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದ ನೌಕೆಗೆ ಮೊದಲು ಇವನ್ನು ಯೋಚಿಸಿದ್ದರು. ಗಾಳಿಯೇ ಇಲ್ಲದ ಕಡೆ ರೆಕ್ಕೆ ಯಾಕೆ ಅಂತ ಜನ ಕೇಳಿಯಾರು ಎಂದು ತೆಗೆದುಬಿಟ್ಟರು! 2009ರ ‘ಅವತಾರ್’ ನೌಕೆಗೆ ದೊಡ್ಡ ರೇಡಿಯೇಟರ್‌ಗಳಿವೆ. ಆ ನೌಕೆ ಕಾಣುವುದು ಸ್ವಲ್ಪವೇ ಹೊತ್ತು. ನಾನಂತೂ ಪಾಜ್ ಒತ್ತಿ ನೋಡಿದೆ.