ಈ ಫೋಟೋದಲ್ಲಿರುವ ಕಾಲಿನ್ಸ್ ಯಾರು?

[ಪರದೆಯಲ್ಲಿ: ಕಪ್ಪು-ಬಿಳುಪು ಫೋಟೋ. ಮೂಲೆಯಲ್ಲಿ ಕೈಬರಹ]

ನಮಸ್ಕಾರ ಗೆಳೆಯರೇ. ನೂರು ವರ್ಷ ಹಳೆಯ ಒಂದು ಬೇಸ್‌ಬಾಲ್ ಫೋಟೋ ನಿಮ್ಮ ಕಣ್ಣಿಗೆ ಬಿತ್ತು ಅಂದುಕೊಳ್ಳಿ. ಮೂಲೆಯಲ್ಲಿ ಯಾರೋ ಅವಸರದಲ್ಲಿ 'ಕಾಲಿನ್ಸ್, ಷಿಕಾಗೊ' ಅಂತ ಗೀಚಿದ್ದಾರೆ. ಹೆಸರು ಇದೆ, ಊರು ಇದೆ, ಇನ್ನೇನು ಬೇಕು ಅನ್ನಿಸುತ್ತದೆ ಅಲ್ವಾ?

ಆದರೆ 1915ರಿಂದ 1920ರವರೆಗೆ ಷಿಕಾಗೊ ವೈಟ್ ಸಾಕ್ಸ್ ತಂಡದಲ್ಲಿ ಇಬ್ಬರು ಕಾಲಿನ್ಸ್ ಇದ್ದರು. ಎಡ್ಡಿ ಕಾಲಿನ್ಸ್ ದೊಡ್ಡ ಸ್ಟಾರ್, ಮುಂದೆ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದವರು. ಇನ್ನೊಬ್ಬರು ಷಾನೊ ಕಾಲಿನ್ಸ್. ಅವರ ಹೆಸರು ಕೇಳಿದವರೇ ಕಡಿಮೆ. ವಿಚಾರಿಸದೆ ಲೇಬಲ್ ಹಾಕಿದರೆ ಷಾನೊ ಅವರ ಮುಖವೂ ಎಡ್ಡಿ ಹೆಸರಿಗೆ ಹೋಗಿಬಿಡುತ್ತದೆ. ನನಗೆ ಇದು ಅನ್ಯಾಯ ಅನ್ನಿಸುತ್ತದೆ.

ಇಂಥ ಫೋಟೋಗಳ ದೊಡ್ಡ ರಾಶಿ ಇರುವುದು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ. ಜಾರ್ಜ್ ಗ್ರಾಂಥಮ್ ಬೇನ್ ಎಂಬವರು 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಪತ್ರಿಕೆಗಳಿಗೆ ಫೋಟೋ ಒದಗಿಸುವ ಸಂಸ್ಥೆ ಶುರು ಮಾಡಿದ್ದರು. ಅವರ ಸುಮಾರು 40,000 ಗಾಜಿನ ನೆಗೆಟಿವ್‌ಗಳು ಅಲ್ಲಿವೆ. ನಾಳೆಯ ಪತ್ರಿಕೆಗೆ ಸಾಕಾಗುವಷ್ಟು ಮಾಹಿತಿ ಬರೆದು ಮುಂದೆ ಹೋಗುತ್ತಿದ್ದ ಕಾಲ ಅದು. 2008ರ ಜನವರಿಯಲ್ಲಿ ಲೈಬ್ರರಿ ಈ ಫೋಟೋಗಳನ್ನು ಫ್ಲಿಕರ್ ಎಂಬ ಫೋಟೋ ಹಂಚುವ ವೆಬ್‌ಸೈಟ್‌ನಲ್ಲಿ ಹಾಕತೊಡಗಿತು, ಗೊತ್ತಿದ್ದವರು ತಿಳಿಸಿ ಅಂತ ಜನರನ್ನೇ ಕೇಳಿತು. ಬೇಸ್‌ಬಾಲ್ ಹುಚ್ಚು ಹಿಡಿದವರು ಮುಗಿಬಿದ್ದರು.

[ಪರದೆಯಲ್ಲಿ: ಜೆರ್ಸಿಯ ಹತ್ತಿರದ ನೋಟ]

ಈಗಿನ ಐಪಿಎಲ್ ಫೋಟೋ ಆಗಿದ್ದರೆ ಬೆನ್ನಿನ ಮೇಲಿನ ನಂಬರ್ ನೋಡಿ ಹೇಳಿಬಿಡಬಹುದಿತ್ತು. ಆಗ ಆ ಅನುಕೂಲ ಇರಲಿಲ್ಲ. ಬೇಸ್‌ಬಾಲ್‌ನಲ್ಲಿ ಬೆನ್ನ ಮೇಲೆ ನಂಬರ್ ಕಾಯಂ ಆಗಿದ್ದು 1929ರಿಂದ, ಯಾಂಕೀಸ್ ಮತ್ತು ಕ್ಲೀವ್‌ಲ್ಯಾಂಡ್ ತಂಡಗಳ ಮೂಲಕ.

ಹಾಗಾಗಿ ಮುಖ ನೋಡಿ ಊಹೆ ಮಾಡುವ ಮೊದಲು ಬಟ್ಟೆ ನೋಡಿ. ಜೆರ್ಸಿಯ ವಿನ್ಯಾಸ ಆಗಾಗ ಬದಲಾಗುತ್ತಿತ್ತು. 1917ರ ವರ್ಲ್ಡ್ ಸೀರೀಸ್‌ಗೆ, ಅಂದರೆ ಬೇಸ್‌ಬಾಲ್‌ನ ಫೈನಲ್ ಸರಣಿಗೆ, ಅಮೆರಿಕ ಮಹಾಯುದ್ಧಕ್ಕೆ ಇಳಿದಿದ್ದ ವರ್ಷ, ವೈಟ್ ಸಾಕ್ಸ್ ಆಟಗಾರರು ಬಾವುಟದ ನಕ್ಷತ್ರ, ಪಟ್ಟೆಗಳಿದ್ದ ವಿಶೇಷ ಜೆರ್ಸಿ ಹಾಕಿದ್ದರು. ಅದು ಕಂಡರೆ ವರ್ಷ ಸಿಕ್ಕಿತು. ಹಿನ್ನೆಲೆಯನ್ನೂ ಬಿಡಬೇಡಿ. ನ್ಯೂಯಾರ್ಕ್‌ನ ಪೋಲೋ ಗ್ರೌಂಡ್ಸ್‌ನ ಮರದ ಗ್ಯಾಲರಿ 1911ರ ಏಪ್ರಿಲ್‌ನಲ್ಲಿ ಸುಟ್ಟುಹೋಗಿ, ಅಲ್ಲಿ ಕಾಂಕ್ರೀಟ್-ಉಕ್ಕಿನ ಗ್ಯಾಲರಿ ಎದ್ದಿತು. ಆಟಗಾರನ ಹಿಂದೆ ಯಾವ ಗ್ಯಾಲರಿ ಇದೆ ಅಂತ ನೋಡಿದರೆ ಬೆಂಕಿಗೆ ಮುಂಚಿನ ಫೋಟೋನಾ ಆಮೇಲಿನದಾ ತಿಳಿಯುತ್ತದೆ.

ಈಗ ನಮ್ಮ ಕಾಲಿನ್ಸ್ ವಿಷಯಕ್ಕೆ ಬರೋಣ. ಬೇಸ್‌ಬಾಲ್‌ನಲ್ಲಿ ಚೆಂಡು ಎಸೆಯುವ ಕೈ ಖಾಲಿ ಇರುತ್ತದೆ, ಗ್ಲೌಸ್ ಇನ್ನೊಂದು ಕೈಗೆ. ಎಷ್ಟೋ ಗೊಂದಲಗಳು ಇಷ್ಟರಲ್ಲೇ ಬಗೆಹರಿಯುತ್ತವೆ. ಇಲ್ಲಿ ಮಾತ್ರ ಆಗಲ್ಲ, ಯಾಕೆಂದರೆ ಎಡ್ಡಿ, ಷಾನೊ ಇಬ್ಬರೂ ಬಲಗೈಯಲ್ಲೇ ಎಸೆಯುತ್ತಿದ್ದರು. ಬ್ಯಾಟ್ ಹಿಡಿದಿದ್ದರೆ ನೋಡಿ. ಎಡ್ಡಿ ಎಡಗೈ ಬ್ಯಾಟರ್, ಷಾನೊ ಬಲಗೈ.

ಇಲ್ಲೂ ಹುಷಾರಾಗಿರಬೇಕು. ನೆಗೆಟಿವ್ ಉಲ್ಟಾ ಪ್ರಿಂಟ್ ಆದರೆ ಎಡ ಬಲವಾಗುತ್ತದೆ. ಆಟಗಾರರ ಫೋಟೋ ಕಾರ್ಡ್ ಮಾಡುವ ಟಾಪ್ಸ್ ಕಂಪನಿಯ 1957ರ ಕಾರ್ಡ್‌ನಲ್ಲಿ, ಬಲಗೈ ಬ್ಯಾಟಿಂಗ್ ದಿಗ್ಗಜ ಹ್ಯಾಂಕ್ ಆರನ್ ಅಂಥವರೇ ಎಡಗೈ ಬ್ಯಾಟರ್ ಆಗಿಬಿಟ್ಟಿದ್ದರು! ಅದಕ್ಕೇ ಜೆರ್ಸಿಯ ಅಕ್ಷರ ನೇರ ಇದೆಯಾ, ಅಂಗಿಯ ಗುಂಡಿ ಪಟ್ಟಿ ಯಾವ ಕಡೆ ಮಡಚಿದೆ ಅಂತ ಮೊದಲು ನೋಡಬೇಕು.

ಬ್ಯಾಟೂ ಇಲ್ಲ, ಬರೀ ಮುಖ ಇದೆ ಅಂದರೆ? ಕಿವಿ ನೋಡಿ. ಕ್ಯಾಪ್ ಹಣೆ ಮುಚ್ಚುತ್ತದೆ, ಮುಖ ವಯಸ್ಸಿಗೆ ತಕ್ಕಂತೆ ದಪ್ಪ-ಸಣ್ಣ ಆಗುತ್ತದೆ, ಆದರೆ ಕಿವಿಯ ಮಡಿಕೆ, ಹಾಲೆ ಕೆನ್ನೆಗೆ ಅಂಟಿದೆಯೋ ಜೋತಿದೆಯೋ ಅನ್ನುವುದು ಅಷ್ಟಾಗಿ ಬದಲಾಗುವುದಿಲ್ಲ. 19ನೇ ಶತಮಾನದಲ್ಲೇ ಪ್ಯಾರಿಸ್ ಪೊಲೀಸ್ ಇಲಾಖೆಯ ಬರ್ಟಿಲಾನ್ ಕೈದಿಗಳನ್ನು ಗುರುತಿಸಲು ಕಿವಿಯನ್ನು ನೆಚ್ಚಿದ್ದರು. ಖಚಿತವಾಗಿ ಗೊತ್ತಿರುವ ಎರಡು-ಮೂರು ಫೋಟೋ ಪಕ್ಕದಲ್ಲಿಟ್ಟು, ಅದೇ ಕಿವಿ, ಅದೇ ಕೋನದಲ್ಲಿ ಹೋಲಿಸಿ.

[ಪರದೆಯಲ್ಲಿ: ಕ್ಯಾಟಲಾಗ್ ದಾಖಲೆ]

ಕೊನೆಗೆ ಬರೆಯುವ ಕೆಲಸ. ಲೈಬ್ರರಿಯವರು ಜನ ಹೇಳಿದ್ದನ್ನು ಪರಿಶೀಲಿಸಿ, ದಾಖಲೆಯಲ್ಲಿ 'ಮೂಲ: ಫ್ಲಿಕರ್ ಕಾಮನ್ಸ್ ಪ್ರಾಜೆಕ್ಟ್' ಅಂತ ವರ್ಷದ ಸಮೇತ ನಮೂದಿಸುತ್ತಾರೆ. ಬೇನ್ ಕಾಲದ ಶೀರ್ಷಿಕೆಯನ್ನೂ ಅಳಿಸದೆ ಇಡುತ್ತಾರೆ. ನನಗೆ ತುಂಬಾ ಇಷ್ಟವಾಗಿದ್ದು ಇದೇ. ನೀವೂ ಹಾಗೇ ಮಾಡಿ: 'ಷಾನೊ ಕಾಲಿನ್ಸ್' ಅಂತಷ್ಟೇ ಬರೆಯಬೇಡಿ, 'ಬಲಗೈ ಬ್ಯಾಟರ್, ಜೆರ್ಸಿ 1917ರದು' ಅಂತ ಕಾರಣವನ್ನೂ ಸೇರಿಸಿ. ಅನುಮಾನ ಇದ್ದರೆ ಪ್ರಶ್ನೆ ಚಿಹ್ನೆ ಹಾಕಿ, ಯಾಕೆಂದರೆ ಒಂದು ತಪ್ಪು ಹೆಸರು ಒಮ್ಮೆ ಇಂಟರ್ನೆಟ್‌ಗೆ ಹೋದರೆ ಕಾಪಿ ಆಗುತ್ತಲೇ ಇರುತ್ತದೆ, ಹಿಡಿದು ತಿದ್ದುವುದು ಕಷ್ಟ.

ಬೇನ್ ಸಂಗ್ರಹ ಎಲ್ಲರಿಗೂ ಉಚಿತವಾಗಿ ತೆರೆದಿದೆ. 'ಕಾಲಿನ್ಸ್' ಥರ ಬರೀ ಅಡ್ಡಹೆಸರು (ಸರ್‌ನೇಮ್) ಇರುವ ಒಂದು ಫೋಟೋ ಆರಿಸಿಕೊಂಡು, ಆ ತಂಡದಲ್ಲಿ ಆ ಹೆಸರಿನವರು ಎಷ್ಟು ಜನ ಇದ್ದರು ಅನ್ನುವುದರಿಂದ ಹುಡುಕಲು ಶುರು ಮಾಡಿ.